ಏಳುನೂರ ಇಪ್ಪತ್ತರ ಚೌಕಟ್ಟು

ನಮ್ಮ ತಾತ ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಚಲಿಸುವ ಚಿತ್ರದೊಳಗೆ ಸಿಕ್ಕಿದವರು. ಅದು 1991ರಲ್ಲಿ, ಮೈಸೂರಿನ ಒಂದು ಛತ್ರದಲ್ಲಿ, ಅಕ್ಕನ ಮದುವೆಯ ದಿನ. ವಿಡಿಯೋದವನು ಕ್ಯಾಮೆರಾವನ್ನು ಹೆಗಲ ಮೇಲಿರಿಸಿಕೊಂಡು, ಹಿಂದಿನಿಂದ ಒಬ್ಬ ಹುಡುಗನು ಕಣ್ಣು ಕುಕ್ಕುವ ದೀಪವನ್ನು ಎತ್ತಿ ಹಿಡಿದು, ಇಬ್ಬರೂ ಊಟದ ಪಂಕ್ತಿಯ ಉದ್ದಕ್ಕೆ ನಡೆದುಬಂದಾಗ ತಾತ ಎಲೆಯಿಂದ ತಲೆಯೆತ್ತಿ ನೋಡಿದರು. ಏನೋ ಒಂದು ಮಾತನ್ನೂ ಆಡಿದರು. ಎಲ್ಲ ಸೇರಿ ಸುಮಾರು ನಲವತ್ತು ಸೆಕೆಂಡು. ಮರುವರ್ಷ ಅವರು ತೀರಿಕೊಂಡರು.

ಆ ಕ್ಯಾಸೆಟ್ಟು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಕ್ಕನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿತ್ತು. ಟೇಪಿನ ಅಂಚಿಗೆ ಬಿಳಿಯ ಬೂಷ್ಟು ಹಿಡಿಯತೊಡಗಿದ್ದು ಕಂಡು ಗಾಬರಿಯಾಗಿ, ಇಂಥದ್ದನ್ನೇ ಮಾಡಿಕೊಡುವ ಒಂದು ಅಂಗಡಿಗೆ ಕೊಟ್ಟೆ. ವಾರ ಕಳೆದಮೇಲೆ ಹೆಬ್ಬೆರಳಷ್ಟು ಗಾತ್ರದ ಪೆನ್ ಡ್ರೈವಿನಲ್ಲಿ ಮದುವೆ ಹಿಂದಕ್ಕೆ ಬಂತು. ಮನೆಮಂದಿಯೆಲ್ಲ ಟಿ.ವಿ.ಯ ಮುಂದೆ ಕುಳಿತೆವು. ನಾದಸ್ವರ ಸರಿಯಾಗಿತ್ತು. ಆದರೆ ಮನುಷ್ಯರು ಮಾತ್ರ ಅವರಾಗಿರಲಿಲ್ಲ! ಕಡ್ಡಿಯಂತಿದ್ದ ನಮ್ಮ ತಾತನಿಗೆ ಕುಂಬಳಕಾಯಿಯಂಥ ಮುಖ ಬಂದಿತ್ತು. ಅಕ್ಕ ಮೊದಲು ನಕ್ಕಳು; ಆಮೇಲೆ ಎದ್ದು ಒಳಕ್ಕೆ ಹೋದಳು.

ಅಂಗಡಿಗೆ ಹೋಗಿ ಕೇಳಿದರೆ, “ಈಗಿನ ಟಿ.ವಿ.ಗೆ ತುಂಬೋ ಹಾಗೆ ಮಾಡಿಕೊಟ್ಟಿದ್ದೀನಿ ಸಾರ್,” ಎಂದು ಹುಡುಗ ಅಭಿಮಾನದಿಂದಲೇ ಹೇಳಿದ. ಇನ್ನೊಮ್ಮೆ ಮಾಡಿಕೊಟ್ಟ. ಈ ಸಲ ತಾತ ಕೊಂಚ ಸಣಕಲಾಗಿದ್ದರು. ಕಾಯಿಲೆ ಬಿದ್ದೆದ್ದವರ ಹಾಗೆ. ಮೂರನೆಯ ಸಲ ಹೋದಾಗ ಅವನಿಗೂ ಬೇಸರ ಬಂದಿರಬೇಕು, ಗಣಕದ ಪರದೆಯನ್ನು ನನ್ನ ಕಡೆಗೇ ತಿರುಗಿಸಿದ. ಅಲ್ಲಿ ಒಂದು ಪಟ್ಟಿ: 720×576, 768×576, 704×576, 640×480, 352×288. ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿ, ಡಿ.ವಿ., ಎಂಪೆಗ್-2, ಎಚ್.264, ಹೀಗೆ. “ಯಾವುದು ಬೇಕೋ ನೀವೇ ಹೇಳಿ ಸಾರ್.”

ನನಗೆ ಹೇಳಲು ಬರಲಿಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ಇಸಿದುಕೊಂಡು ಮನೆಗೆ ಬಂದೆ. ಅದಾದಮೇಲೆ ನಾಲ್ಕಾರು ತಿಂಗಳು ಈ ಸಂಖ್ಯೆಗಳ ವಂಶಾವಳಿಯನ್ನು ಹುಡುಕುತ್ತ ಕಳೆದೆ. ಮದುವೆಮನೆಯ ಕ್ಯಾಸೆಟ್ಟಿನ ಹಿಂದೆ ಎಡಿಸನ್ನನ ಕಾರ್ಯಾಗಾರ, ಲಂಡನ್ನಿನ ಒಂದು ಗುಡ್ಡ, ಅಮೆರಿಕದ ವಿದ್ಯುತ್ತಿನ ಕಂಬ, ಕೊನೆಗೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಒಬ್ಬ ಎಂಜಿನಿಯರು, ಇಷ್ಟೆಲ್ಲ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಚಿತ್ರದ ಆಕಾರದಿಂದಲೇ ಆರಂಭಿಸೋಣ. ನಮ್ಮ ಹಳೆಯ ಟಿ.ವಿ. ಪೆಟ್ಟಿಗೆಯ ಗಾಜು ಅಗಲಕ್ಕೆ ನಾಲ್ಕು ಪಾಲಾದರೆ ಎತ್ತರಕ್ಕೆ ಮೂರು ಪಾಲು. ಈ ನಾಲ್ಕು-ಮೂರರ ಲೆಕ್ಕ ಟೆಲಿವಿಷನ್ನಿನದಲ್ಲ, ಸಿನಿಮಾದ್ದು. 1890ರ ದಶಕದ ಆರಂಭದಲ್ಲಿ ಎಡಿಸನ್ನನ ಕಾರ್ಯಾಗಾರದಲ್ಲಿ ದುಡಿಯುತ್ತಿದ್ದ ಡಿಕ್ಸನ್ ಎಂಬಾತನು 35 ಮಿಲಿಮೀಟರ್ ಅಗಲದ ಫಿಲ್ಮಿನ ಅಂಚಿನಲ್ಲಿ ಸಾಲಾಗಿ ರಂಧ್ರ ಕೊರೆದು, ನಾಲ್ಕು ರಂಧ್ರಗಳ ಎತ್ತರಕ್ಕೆ ಒಂದು ಚಿತ್ರ ಎಂದು ಗೊತ್ತುಮಾಡಿದನು. ಅಗಲ ಸುಮಾರು ಒಂದು ಅಂಗುಲ, ಎತ್ತರ ಮುಕ್ಕಾಲು ಅಂಗುಲ. ಇದರಲ್ಲಿ ಸೌಂದರ್ಯಶಾಸ್ತ್ರದ ಗಹನ ವಿಚಾರವೇನೂ ಇದ್ದಂತೆ ಕಾಣದು. ಕೈಗೆ ಸಿಕ್ಕಿದ ಫಿಲ್ಮಿಗೆ ಹೊಂದುವ ಕಿಟಕಿ, ಅಷ್ಟೆ. ಆದರೂ ಮುಂದೆ ಟೆಲಿವಿಷನ್ ಹುಟ್ಟಿದಾಗ ಹೆಚ್ಚುಕಡಿಮೆ ಅದೇ ಕಿಟಕಿಯನ್ನೇ ಎರವಲು ತೆಗೆದುಕೊಂಡಿತು.

ಕಿಟಕಿಯೊಳಗಿನ ಚಿತ್ರವಾದರೋ ಬೇರೆ. ಫಿಲ್ಮಿನಲ್ಲಿ ಇಡೀ ಚಿತ್ರ ಒಮ್ಮೆಗೇ ಮೂಡುತ್ತದೆ. ಟೆಲಿವಿಷನ್ನು ಅದನ್ನು ಗೆರೆಗೆರೆಯಾಗಿ, ಮೇಲಿನಿಂದ ಕೆಳಕ್ಕೆ, ನಾವು ಪುಸ್ತಕವನ್ನು ಓದುವ ಹಾಗೆ ಓದಿ ಕಳಿಸಬೇಕು. ಗೆರೆ ಎಷ್ಟಿರಬೇಕು? 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್ ಗುಡ್ಡದ ಮೇಲಿನಿಂದ ಬಿ.ಬಿ.ಸಿ. ಪ್ರಸಾರ ಆರಂಭಿಸಿದಾಗ ಈ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ಬೇರ್ಡನ ಪದ್ಧತಿಯಲ್ಲಿ 240 ಗೆರೆ, ಮಾರ್ಕೋನಿ-ಇ.ಎಂ.ಐ. ಕಂಪನಿಯದರಲ್ಲಿ 405. ಒಂದು ವಾರ ಇದು, ಒಂದು ವಾರ ಅದು ಎಂದು ಸರದಿಯ ಮೇಲೆ ನಡೆಸಿ ನೋಡಿ, ಮರುವರ್ಷದ ಆರಂಭದಲ್ಲೇ 240ನ್ನು ಕೈಬಿಟ್ಟರು. ಟೆಲಿವಿಷನ್ನಿನ ಪಿತಾಮಹನೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಬೇರ್ಡನಿಗೆ ತನ್ನ ಊರಿನಲ್ಲೇ ಹೀಗೆ ಬಾಗಿಲು ಮುಚ್ಚಿತು.

405 ಎಂಬುದು ಮನಬಂದಂತೆ ಆರಿಸಿದ ಸಂಖ್ಯೆಯಲ್ಲ. ಮೂರನ್ನು ನಾಲ್ಕು ಸಲ ಗುಣಿಸಿ, ಐದರಿಂದ ಇನ್ನೊಮ್ಮೆ ಗುಣಿಸಿದರೆ 405. ಅಮೆರಿಕದವರು 1941ರಲ್ಲಿ ಗೊತ್ತುಮಾಡಿಕೊಂಡ 525 ಎಂದರೆ ಮೂರು, ಐದು, ಐದು, ಏಳು. ಎರಡನೆಯ ಮಹಾಯುದ್ಧದ ತರುವಾಯ ಯೂರೋಪಿನ ಬಹುಭಾಗ ಒಪ್ಪಿದ 625 ಎಂದರೆ ನಾಲ್ಕು ಐದುಗಳು. ಎಲ್ಲವೂ ಬೆಸ ಸಂಖ್ಯೆ, ಎಲ್ಲವೂ ಸಣ್ಣ ಸಣ್ಣ ಸಂಖ್ಯೆಗಳ ಗುಣಲಬ್ಧ. ಬೆಸ ಏಕೆಂದರೆ, ಚಿತ್ರ ಮಿನುಗದಂತೆ ಮಾಡಲು ಮೊದಲು ಒಂದನೆಯ, ಮೂರನೆಯ, ಐದನೆಯ ಗೆರೆಗಳನ್ನೂ, ಆಮೇಲೆ ನಡುವೆ ಬಿಟ್ಟ ಗೆರೆಗಳನ್ನೂ ಬರೆಯುವ ಉಪಾಯ ಹೂಡಿದ್ದರು. ಒಂದೊಂದು ಸರದಿಗೆ ಅರ್ಧ ಗೆರೆ ಮಿಕ್ಕರೆ ಮುಂದಿನ ಸರದಿ ತಾನಾಗಿಯೇ ಸಂದಿಗಳಲ್ಲಿ ಕೂರುತ್ತದೆ. ಸಣ್ಣ ಗುಣಕಗಳೇಕೆಂದರೆ, ಆ ಕಾಲದ ಕವಾಟ-ಮಂಡಲಗಳು ಮೂರರಿಂದಲೋ ಐದರಿಂದಲೋ ಏಳರಿಂದಲೋ ಭಾಗಿಸಬಲ್ಲವಾಗಿದ್ದವೇ ಹೊರತು ಅದಕ್ಕಿಂತ ದೊಡ್ಡ ಲೆಕ್ಕ ಅವಕ್ಕೆ ಎಟುಕುತ್ತಿರಲಿಲ್ಲ. ನಮ್ಮ ಮಗ್ಗಿಯ ಪುಸ್ತಕವೇ ಟೆಲಿವಿಷನ್ನಿನ ಗೆರೆಯನ್ನು ಎಳೆಯಿತೆಂದರೂ ತಪ್ಪಿಲ್ಲ.

ಇನ್ನು ವೇಗ. ಅದನ್ನು ಗೊತ್ತುಮಾಡಿದ್ದು ಬೀದಿಯ ದೀಪದ ಕಂಬ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಸಲ ತುಯ್ದಾಡುತ್ತದೆ, ಯೂರೋಪಿನದೂ ನಮ್ಮದೂ 50 ಸಲ. ಚಿತ್ರದ ವೇಗವೂ ವಿದ್ಯುತ್ತಿನ ವೇಗವೂ ಹೊಂದದಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿ ಈಜುತ್ತದೆ. ಆದ್ದರಿಂದ ಅಲ್ಲಿ ಸೆಕೆಂಡಿಗೆ 60 ಅರೆಚಿತ್ರ, ಇಲ್ಲಿ 50. ಹೀಗೆ ಪ್ರಪಂಚ ಎರಡು ಪಂಗಡವಾಯಿತು: 525 ಗೆರೆ 60ರವರು, 625 ಗೆರೆ 50ರವರು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗದ ಪ್ರಸಾರ ಆರಂಭವಾದಾಗ ನಾವು ಸಹಜವಾಗಿಯೇ ಎರಡನೆಯ ಪಂಗಡಕ್ಕೆ ಸೇರಿದೆವು. 1975-76ರಲ್ಲಿ ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಇಳಿಸಿದಾಗ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಜನ ಬೆಂಗಳೂರಿನವರಿಗಿಂತ ಎಷ್ಟೋ ಮೊದಲು ಊರ ಪೆಟ್ಟಿಗೆಯ ಮುಂದೆ ಕುಳಿತು ಈ 625 ಗೆರೆಯ ಚಿತ್ರವನ್ನು ನೋಡಿದರು. ರಾಜಧಾನಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಬಣ್ಣ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡೆಗಳ ವರ್ಷ.

ಬಣ್ಣದ ಮಾತು ಬಂದದ್ದರಿಂದ ಒಂದು ಸಣ್ಣ ಅವಘಡವನ್ನೂ ಹೇಳಿಬಿಡಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ. 1953ರಲ್ಲಿ ಅಮೆರಿಕದವರು ತಮ್ಮ ಕಪ್ಪು-ಬಿಳುಪಿನ ಪ್ರಸಾರದೊಳಗೇ ಬಣ್ಣವನ್ನು ತುರುಕಲು ಹೊರಟಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಗುಲಿ ಚಿತ್ರದಲ್ಲಿ ಗೀಚು ಕಾಣಿಸಿಕೊಳ್ಳುವ ಭಯ ಬಂತು. ಮನೆಮನೆಯಲ್ಲಿ ಆಗಲೇ ಪೆಟ್ಟಿಗೆಗಳಿದ್ದುದರಿಂದ ಧ್ವನಿಯನ್ನು ಕದಲಿಸುವಂತಿರಲಿಲ್ಲ. ಚಿತ್ರದ ವೇಗವನ್ನೇ ಸಾವಿರಕ್ಕೆ ಒಂದರಷ್ಟು ಕುಗ್ಗಿಸಿದರು. ಸೆಕೆಂಡಿಗೆ 30 ಚಿತ್ರವಿದ್ದದ್ದು 29.97 ಆಯಿತು. ಗೆರೆಗಳ ಲೆಕ್ಕ ಸೆಕೆಂಡಿಗೆ 15,750 ಇದ್ದದ್ದು 15,734 ಮತ್ತು ಚಿಲ್ಲರೆ ಆಯಿತು. ಈ ಚಿಲ್ಲರೆಯ ತಲೆನೋವನ್ನು ಅಮೆರಿಕದ ಚಿತ್ರಸಂಕಲನಕಾರರು ಇಂದಿಗೂ ಅನುಭವಿಸುತ್ತಿದ್ದಾರೆ. ಜರ್ಮನಿಯ ವಾಲ್ಟರ್ ಬ್ರುಖ್ ರೂಪಿಸಿದ, ನಾವು ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ ಈ ಕಾಟವಿಲ್ಲ. ಸೆಕೆಂಡಿಗೆ 25 ಚಿತ್ರ, 15,625 ಗೆರೆ, ಎಲ್ಲವೂ ಇಡಿ.

1970ರ ದಶಕದ ಹೊತ್ತಿಗೆ ಚಿತ್ರವನ್ನು ಅಂಕಿಗಳಾಗಿ ಮಾರ್ಪಡಿಸುವ ಯಂತ್ರಗಳು ಸ್ಟುಡಿಯೋಗಳಿಗೆ ಕಾಲಿಟ್ಟವು. ಗೆರೆಯಂತೂ ಮೊದಲೇ ಎಣಿಸಿ ಇಟ್ಟಿದೆ. ಆದರೆ ಒಂದೊಂದು ಗೆರೆಯೂ ಎಡದಿಂದ ಬಲಕ್ಕೆ ಎಡೆಬಿಡದೆ ಹರಿಯುವ ಅಲೆ. ಅದನ್ನು ಎಷ್ಟು ಬಿಂದುಗಳಾಗಿ ಕತ್ತರಿಸಬೇಕು? ಅಮೆರಿಕದವರು ತಮ್ಮ ಬಣ್ಣದ ಸಂಕೇತದ ನಾಲ್ಕರಷ್ಟು ವೇಗದಲ್ಲಿ, ಎಂದರೆ ಸೆಕೆಂಡಿಗೆ 1 ಕೋಟಿ 43 ಲಕ್ಷ ಸಲ ಕತ್ತರಿಸುವುದೇ ಸರಿಯೆಂದರು. ಯೂರೋಪಿನಲ್ಲಿ 1 ಕೋಟಿ 20 ಲಕ್ಷದ ವಿಚಾರ ನಡೆದಿತ್ತು. ಹೀಗೇ ಬಿಟ್ಟಿದ್ದರೆ ಗೆರೆಯ ಜಗಳ ಬಿಂದುವಿಗೂ ಅಂಟಿಕೊಂಡು, ಎರಡು ಪಂಗಡಗಳು ಇನ್ನೊಂದು ಐವತ್ತು ವರ್ಷ ಬೆನ್ನು ತಿರುಗಿಸಿ ಕೂರುತ್ತಿದ್ದವು.

ಹಾಗಾಗಲಿಲ್ಲ. ಅಟ್ಲಾಂಟಿಕ್ಕಿನ ಎರಡು ದಡಗಳ ಎಂಜಿನಿಯರುಗಳು ಕುಳಿತು ಲೆಕ್ಕ ಹಾಕಿದಾಗ ಒಂದು ಸೋಜಿಗ ಕಂಡಿತು. ಸೆಕೆಂಡಿಗೆ 22 ಲಕ್ಷ 50 ಸಾವಿರ ಎಂಬ ಸಂಖ್ಯೆಯನ್ನು ನಮ್ಮ 15,625 ಗೆರೆಯಿಂದ ಭಾಗಿಸಿದರೆ ಸರಿಯಾಗಿ 144. ಅದನ್ನೇ ಅಮೆರಿಕದ ಆ ಚಿಲ್ಲರೆಯ 15,734ರಿಂದ ಭಾಗಿಸಿದರೆ ಸರಿಯಾಗಿ 143! ಅಕ್ಕಪಕ್ಕದ ಮನೆಯ ಎರಡು ಸಂಖ್ಯೆಗಳು. ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದ ದಾಯಾದಿಗಳಿಗೆ ಒಬ್ಬಳೇ ಅಜ್ಜಿ ಇದ್ದಾಳೆಂದು ಗೊತ್ತಾದ ಹಾಗೆ. ಇನ್ನು ಈ 22.5 ಲಕ್ಷದ ಎಷ್ಟು ಪಟ್ಟು ಬೇಕು ಎಂಬುದಷ್ಟೇ ಉಳಿಯಿತು. ಐದು ಪಟ್ಟು ಸಾಲದು, ಚಿತ್ರದ ಸೂಕ್ಷ್ಮ ವಿವರಗಳು ಕಲಸಿಹೋಗುತ್ತವೆ. ಏಳು ಪಟ್ಟು ದುಂದು. ಆರು ಪಟ್ಟು, ಎಂದರೆ ಸೆಕೆಂಡಿಗೆ 1 ಕೋಟಿ 35 ಲಕ್ಷ, ಸರಿಹೋಯಿತು. ಆ ವೇಗದಲ್ಲಿ ಕತ್ತರಿಸಿದರೆ ನಮ್ಮ ಒಂದು ಗೆರೆಗೆ 864 ಬಿಂದು, ಅವರ ಗೆರೆಗೆ 858. ಗೆರೆಯ ಒಂದಿಷ್ಟು ಭಾಗ ಕಣ್ಣಿಗೆ ಕಾಣುವುದಿಲ್ಲ. ಕಿರಣವು ಬಲದಂಚಿನಿಂದ ಎಡದಂಚಿಗೆ ಹಿಂದಿರುಗಲು ಬೇಕಾಗುವ ಹೊತ್ತು ಅದು. ಕಾಣುವ ಭಾಗಕ್ಕೆ ಇಬ್ಬರಿಗೂ ಒಂದೇ ಲೆಕ್ಕವಿರಲೆಂದು 720 ಎಂದು ಗೊತ್ತುಮಾಡಿದರು. 1982ರಲ್ಲಿ ಅಂತರರಾಷ್ಟ್ರೀಯ ರೇಡಿಯೋ ಸಲಹಾ ಸಮಿತಿಯು ಇದನ್ನು 601ನೆಯ ಶಿಫಾರಸ್ಸಾಗಿ ಅಂಗೀಕರಿಸಿತು.

ಎತ್ತರದಲ್ಲಿ 625 ಗೆರೆಗಳ ಪೈಕಿ ಕಾಣುವುದು 576, 525ರ ಪೈಕಿ ಸುಮಾರು 480. ಒಂದು ಸಣ್ಣ ವಿನೋದವನ್ನು ಓದುಗರು ಕಾಗದದ ಮೇಲೆ ಮಾಡಿ ನೋಡಬಹುದು. 576ನ್ನು 25ರಿಂದ ಗುಣಿಸಿ; 480ನ್ನು 30ರಿಂದ ಗುಣಿಸಿ. ಎರಡೂ 14,400. ಒಬ್ಬರು ಚಿತ್ರವನ್ನು ನುಣುಪಾಗಿ ಮಾಡಿಕೊಂಡರು, ಇನ್ನೊಬ್ಬರು ಬೇಗ ಬೇಗ ಮಾಡಿಕೊಂಡರು, ಖರ್ಚು ಒಂದೇ.

ಈಗ ನಮ್ಮ ತಾತನ ಸಣಕಲು ಮುಖಕ್ಕೆ ಬರೋಣ. 720ನ್ನು 576ರಿಂದ ಭಾಗಿಸಿದರೆ ಒಂದೂಕಾಲು. ಆದರೆ ಪರದೆಯ ಆಕಾರ ನಾಲ್ಕಕ್ಕೆ ಮೂರು, ಎಂದರೆ ಒಂದೂ ಮೂರನೆಯ ಒಂದು. ಎರಡಕ್ಕೂ ಹೊಂದಲಿಲ್ಲ! ಬಿಂದು ಚೌಕವಾಗಿದ್ದೀತೆಂದು ನಾವು ತಿಳಿದದ್ದೇ ತಪ್ಪು. 601ನೆಯ ಶಿಫಾರಸ್ಸಿನ ಬಿಂದು ಚೌಕವಲ್ಲ. ನಮ್ಮ ಪದ್ಧತಿಯಲ್ಲಿ ಅದು ಕೊಂಚ ಅಡ್ಡಗಲದ ಇಟ್ಟಿಗೆ, ಅಮೆರಿಕದ ಪದ್ಧತಿಯಲ್ಲಿ ಕೊಂಚ ಎತ್ತರದ ಇಟ್ಟಿಗೆ. ಟೆಲಿವಿಷನ್ ಎಂಜಿನಿಯರಿಗೆ ಇದರಿಂದ ಏನೂ ಬಾಧಕವಿರಲಿಲ್ಲ, ಏಕೆಂದರೆ ಅವನು ಗೆರೆಯನ್ನು ಕಾಲದಿಂದ ಅಳೆಯುತ್ತಾನೆ, ಬಿಂದುವಿನಿಂದಲ್ಲ. ಗಣಕದವರ ರೂಢಿ ಬೇರೆ. ಅವರ ಪರದೆಯ ಬಿಂದು ಚೌಕ. 720×576ರ ಚಿತ್ರವನ್ನು ಅವರ ಪರದೆಯಲ್ಲಿ ಇದ್ದಂತೆಯೇ ಹಾಸಿದರೆ ಪ್ರತಿಯೊಂದು ಇಟ್ಟಿಗೆಯೂ ಚೌಕವಾಗಿ ಕುಗ್ಗಿ, ಮನುಷ್ಯರೆಲ್ಲ ತೆಳ್ಳಗಾಗುತ್ತಾರೆ. 768×576 ಎಂಬುದು ಅದೇ ಚಿತ್ರವನ್ನು ಚೌಕ ಬಿಂದುಗಳಿಗೆ ಹಿಗ್ಗಿಸಿ ಬರೆದ ಲೆಕ್ಕ. 640×480 ಎಂಬುದು ಅಮೆರಿಕದವರ ಚಿತ್ರಕ್ಕೆ ಮಾಡಿದ ಅಂಥದೇ ಲೆಕ್ಕ. 704 ಎಂಬ ಇನ್ನೊಂದು ಸಂಖ್ಯೆ ಪಟ್ಟಿಯಲ್ಲಿತ್ತಲ್ಲ, ಅದರ ಗುಟ್ಟೂ ಇಲ್ಲೇ ಇದೆ: ನಮ್ಮ ಗೆರೆಯಲ್ಲಿ ನಿಜವಾಗಿ ಚಿತ್ರವಿರುವುದು 52 ಮೈಕ್ರೋಸೆಕೆಂಡು, ಅದಕ್ಕೆ 702 ಬಿಂದು ಸಾಕು. ಉಳಿದದ್ದು ಎರಡು ಪಕ್ಕದ ಅಂಚು, ಸೀರೆಯ ಮಡಿಕೆಗೆಂದು ಬಿಟ್ಟ ಬಟ್ಟೆಯ ಹಾಗೆ.

ಇಷ್ಟು ಸಾಲದೆಂಬಂತೆ ಹದಿನಾರು-ಒಂಬತ್ತರ ಅಗಲ ಪರದೆ ಬಂತು. 1980ರ ದಶಕದಲ್ಲಿ ಅಮೆರಿಕದ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರು ಸಿನಿಮಾದ ನಾನಾ ಆಕಾರಗಳನ್ನು ಒಂದರ ಮೇಲೊಂದಿಟ್ಟು, ಎಲ್ಲಕ್ಕೂ ನಡುಹಾದಿಯೆಂದು ಕಂಡುಕೊಂಡ ಆಕಾರ ಅದು. ಅದನ್ನೂ ಅದೇ 720×576ರೊಳಗೇ ತುರುಕಿದರು. ಬಿಂದುಗಳ ಸಂಖ್ಯೆ ಒಂದೇ. ಇಟ್ಟಿಗೆ ಮಾತ್ರ ಇನ್ನೂ ಅಗಲ. ಆದ್ದರಿಂದ ಈ ಅಳತೆಯ ಕಡತದ ಜತೆಗೆ ‘ನನ್ನನ್ನು ಇಂಥ ಆಕಾರದಲ್ಲಿ ತೋರಿಸು’ ಎಂಬ ಒಂದು ಸಣ್ಣ ಚೀಟಿ ಇರಲೇಬೇಕು. ಚೀಟಿ ಕಳೆದುಹೋದರೆ ಮನುಷ್ಯರು ಸಣಕಲಾಗುತ್ತಾರೆ, ತಪ್ಪು ಚೀಟಿ ಅಂಟಿಸಿದರೆ ಮೂರನೆಯ ಒಂದು ಪಾಲು ದಪ್ಪವಾಗುತ್ತಾರೆ. ನಮ್ಮ ತಾತನಿಗೆ ಒಂದೇ ತಿಂಗಳಲ್ಲಿ ಎರಡೂ ಅವಸ್ಥೆ ಒದಗಿತು.

ಅಳತೆಯ ಕಥೆ ಇಷ್ಟಾಯಿತು. ಇನ್ನು ಹೊರೆಯ ಕಥೆ. 720×576ರ ಚಿತ್ರ ಸೆಕೆಂಡಿಗೆ 25ರಂತೆ, ಬಿಂದುವಿಗೆ ಎರಡು ಬೈಟಿನ ಲೆಕ್ಕದಲ್ಲಿ, ಸೆಕೆಂಡಿಗೆ 2 ಕೋಟಿ 7 ಲಕ್ಷ ಬೈಟು. ಬಣ್ಣಕ್ಕೆ ಬೆಳಕಿನ ಅರ್ಧದಷ್ಟೇ ಬಿಂದು ಕೊಟ್ಟು ಉಳಿತಾಯ ಮಾಡಿದಮೇಲಿನ ಲೆಕ್ಕ ಇದು. ಬಣ್ಣದ ವಿಷಯದಲ್ಲಿ ನಮ್ಮ ಕಣ್ಣು ಮಂದವೆಂಬುದನ್ನು ಎಂಜಿನಿಯರುಗಳು ಮೊದಲಿನಿಂದ ಬಲ್ಲರು. ಒಂದು ಗಂಟೆಗೆ ಸುಮಾರು 75 ಗಿಗಾಬೈಟ್. 1980ರ ದಶಕದ ನಡುವಿನಲ್ಲಿ ಸೋನಿ ಕಂಪನಿ ಇದನ್ನು ಏನೂ ಕುಗ್ಗಿಸದೆ ಹಿಡಿದಿಡುವ ಡಿ-1 ಎಂಬ ಟೇಪು ಯಂತ್ರವನ್ನು ತಯಾರಿಸಿತು. ಕೊಳ್ಳಬಲ್ಲವರು ಕೆಲವೇ ಸ್ಟುಡಿಯೋದವರು. ಮನೆಗೆ ಬರಬೇಕಾದರೆ ಚಿತ್ರವನ್ನು ಮಡಿಚಬೇಕು. ಮಡಿಚುವ ಮತ್ತು ಬಿಡಿಸುವ ಈ ವಿಧಾನಕ್ಕೇ ಕೋಡೆಕ್ ಎಂದು ಹೆಸರು.

ಈ ಮಡಿಕೆಯ ಮೂಲಸೂತ್ರವನ್ನು ಕೊಟ್ಟವರು ನಮ್ಮೂರಿನವರೆಂದರೆ ಬೆಂಗಳೂರಿನ ಎಷ್ಟು ಮಂದಿಗೆ ಗೊತ್ತಿದೆಯೋ! ನಾಸಿರ್ ಅಹಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ, ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 1972ರಲ್ಲಿ ಅವರು ಕೊಸೈನ್ ಅಲೆಗಳನ್ನು ಬಳಸಿ ಚಿತ್ರವನ್ನು ಕುಗ್ಗಿಸುವ ಒಂದು ಅಧ್ಯಯನಕ್ಕೆ ಧನಸಹಾಯ ಕೋರಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಸಹಾಯ ದೊರೆಯಲಿಲ್ಲ. ವಿಚಾರ ತೀರ ಸರಳವಾಯಿತೆಂದು ಪರಿಶೀಲಕರೊಬ್ಬರಿಗೆ ತೋರಿತಂತೆ. ಅಹಮದರೇ ಮುಂದೆ ಬರೆದ ನೆನಪಿನ ಲೇಖನದಲ್ಲಿ ಇದನ್ನು ಹೇಳಿಕೊಂಡಿದ್ದಾರೆ. ಅವರು ಎದೆಗುಂದದೆ ತಮ್ಮ ಶಿಷ್ಯ ಟಿ. ನಟರಾಜನ್ ಮತ್ತು ಟೆಕ್ಸಾಸಿನಲ್ಲಿದ್ದ ಕೆ. ಆರ್. ರಾವ್ ಅವರೊಡನೆ ಕೆಲಸವನ್ನು ಮುಂದುವರಿಸಿದರು. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಒಂದು ಲೇಖನ ಪ್ರಕಟವಾಯಿತು. ನಾಲ್ಕೇ ಪುಟ.

ಸೂತ್ರ ನಿಜಕ್ಕೂ ಸರಳವೇ. ಚಿತ್ರವನ್ನು ಎಂಟು ಬಿಂದು ಉದ್ದ, ಎಂಟು ಬಿಂದು ಅಗಲದ ಸಣ್ಣ ಚೌಕಗಳಾಗಿ ವಿಭಾಗಿಸುವುದು ರೂಢಿ. ಒಂದು ಚೌಕದಲ್ಲಿ 64 ಅಂಕಿಗಳು. ಅವನ್ನು ಹಾಗೆಯೇ ಹೇಳುವ ಬದಲು, ‘ಈ ಚೌಕ ಒಟ್ಟಿನಲ್ಲಿ ಇಷ್ಟು ಬೆಳಕು, ಎಡದಿಂದ ಬಲಕ್ಕೆ ಇಷ್ಟು ಇಳಿಜಾರು, ಅದರ ಮೇಲೆ ಇಷ್ಟು ಸಣ್ಣ ಅಲೆ, ಇನ್ನಿಷ್ಟು ಸಣ್ಣ ಅಲೆ’ ಎಂದು ಹೇಳುವುದು. ಅಂಕಿ ಈಗಲೂ 64 ಇವೆ. ಆದರೆ ಮುಖ, ಗೋಡೆ, ಆಕಾಶ, ಸೀರೆಯ ಒಡಲು, ಇಂಥವುಗಳಲ್ಲಿ ಮೊದಲಿನ ನಾಲ್ಕಾರು ಅಂಕಿಗಳೇ ಎಲ್ಲವನ್ನೂ ಹೇಳಿಬಿಡುತ್ತವೆ. ಉಳಿದವು ಸೊನ್ನೆಯ ಹತ್ತಿರ. ಕಣ್ಣಿಗೆ ಹೇಗೂ ಕಾಣದ ಆ ಸಣ್ಣ ಅಲೆಗಳನ್ನು ಒರಟಾಗಿ ಬರೆದರೂ ನಡೆದೀತು, ಬಿಟ್ಟರೂ ನಡೆದೀತು. ದೂರದಿಂದ ಕಛೇರಿ ಕೇಳಿದವನು ರಾಗವನ್ನೂ ಕೃತಿಯನ್ನೂ ಹೇಳಬಲ್ಲ, ತಂಬೂರಿಯ ತಂತಿಯ ಝೇಂಕಾರವನ್ನು ಹೇಳಲಾರ. ಅದಿಲ್ಲವೆಂದು ಕೊರಗುವುದೂ ಇಲ್ಲ. ಬಿಡುವುದು ಅತಿಯಾದಾಗ ಮಾತ್ರ ಚೌಕಗಳ ಹೊಲಿಗೆ ಬಿಟ್ಟು, ಮುಖದ ಮೇಲೆ ಚೌಕುಳಿ ಬೀಳುತ್ತದೆ.

ಇದರ ಮೇಲೆ ಕಟ್ಟಡ ಬೇಗ ಬೇಗ ಎದ್ದಿತು. 1980ರ ದಶಕದ ಕೊನೆಯಲ್ಲಿ ದೂರವಾಣಿ ತಂತಿಯ ಮೇಲೆ ಮುಖ ನೋಡಿ ಮಾತನಾಡಲು ಎಚ್.261 ಎಂಬ ಕೋಡೆಕ್ ರೂಪುಗೊಂಡಿತು. ಅಲ್ಲಿ ಮತ್ತೆ ಹಳೆಯ ಎರಡು ಪಂಗಡಗಳು ಎದುರುಬದುರಾದವು. ಆದ ತೀರ್ಮಾನವನ್ನು ನೋಡಿ: ಎತ್ತರ 625 ಗೆರೆಯವರ 576ರ ಅರ್ಧ, 288, ವೇಗ 525 ಗೆರೆಯವರ 29.97. ಇಬ್ಬರಿಗೂ ಅರ್ಧ ಗೆಲುವು, ಇಬ್ಬರಿಗೂ ಅರ್ಧ ತೊಂದರೆ. ಪಂಚಾಯಿತಿ ಕಟ್ಟೆಯ ತೀರ್ಪೂ ಹೀಗೆಯೇ ಇರುತ್ತದೆ. ಅಂಗಡಿಯ ಪಟ್ಟಿಯ 352×288 ಹುಟ್ಟಿದ್ದು ಹೀಗೆ. 352 ಏಕೆಂದರೆ 704ರ ಅರ್ಧ, ಮತ್ತು ಹದಿನಾರರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ; ಚೌಕಗಳನ್ನು ನಾಲ್ಕು ನಾಲ್ಕು ಜೋಡಿಸಿ ಹದಿನಾರರ ದೊಡ್ಡ ಚೌಕ ಮಾಡಿಕೊಂಡು ಚಲನೆಯನ್ನು ಅಳೆಯುವುದು ಆ ಕೋಡೆಕ್‌ನ ಕ್ರಮ. 720, 704, 576, 480 ಎಲ್ಲವೂ ಹದಿನಾರರ ಮಗ್ಗಿಗೆ ಸಿಗುತ್ತವೆ.

1988ರಲ್ಲಿ ಇಟಲಿಯ ಲಿಯೋನಾರ್ಡೋ ಕಿಯಾರಿಲ್ಯೋನೆ ಮತ್ತು ಜಪಾನಿನ ಹಿರೋಷಿ ಯಾಸುಡಾ ಅವರ ಮುಂದಾಳುತನದಲ್ಲಿ ಎಂಪೆಗ್ ಎಂಬ ತಜ್ಞರ ಕೂಟ ಆರಂಭವಾಯಿತು. ಅವರ ಮೊದಲ ಕೂಸಾದ ಎಂಪೆಗ್-1 ನಮ್ಮ ಓದುಗರಿಗೆ ಚಿರಪರಿಚಿತ, ಹೆಸರಿನಿಂದಲ್ಲದಿದ್ದರೂ. 1993ರಲ್ಲಿ ಬಂದ ವಿ.ಸಿ.ಡಿ. ಅದೇ. 352×288ರ ಚಿತ್ರ, ಸಾಧಾರಣ ಸಿ.ಡಿ.ಯೊಂದರಲ್ಲಿ ಸುಮಾರು 74 ನಿಮಿಷ. ಆದ್ದರಿಂದಲೇ ಕನ್ನಡ ಸಿನಿಮಾ ಎಂದರೆ ಎರಡು ತಟ್ಟೆ, ಮಧ್ಯಂತರದ ಹೊತ್ತಿಗೆ ಎದ್ದು ತಟ್ಟೆ ಬದಲಿಸಬೇಕು. ಮಳೆಯ ಹಾಡಿನಲ್ಲಿ ನಾಯಕಿಯ ಮುಖವೆಲ್ಲ ಚೌಕುಳಿ. ಮಳೆಯ ಒಂದೊಂದು ಹನಿಯೂ ಹೊಸ ವಿವರ. ಸೆಕೆಂಡಿಗೆ 11 ಲಕ್ಷ ಬಿಟ್ಟಿನ ಪಡಿತರದಲ್ಲಿ ಮಳೆಗೂ ಮುಖಕ್ಕೂ ಒಟ್ಟಿಗೆ ಪಾಲು ಸಿಗುತ್ತಿರಲಿಲ್ಲ.

ಎಂಪೆಗ್-2 ಪೂರ್ಣ 720×576ನ್ನು ಹಿಡಿಯಿತು. 1996ರಲ್ಲಿ ಜಪಾನಿನಲ್ಲಿ ಹೊರಬಂದ ಡಿ.ವಿ.ಡಿ. ಅದನ್ನು ಮನೆಗೆ ತಂದಿತು. ಅದರ ಉಳಿತಾಯದ ಗುಟ್ಟು, ಪ್ರತಿ ಚಿತ್ರವನ್ನೂ ಪೂರ್ತಿಯಾಗಿ ಬರೆಯದಿರುವುದು. ಅರ್ಧ ಸೆಕೆಂಡಿಗೊಂದು ಪೂರ್ಣ ಚಿತ್ರ. ನಡುವಿನವಕ್ಕೆ ‘ಹಿಂದಿನದರಂತೆಯೇ, ಆದರೆ ಈ ಕೈ ಇಷ್ಟು ಮೇಲಕ್ಕೆ’ ಎಂಬ ಟಿಪ್ಪಣಿ ಮಾತ್ರ. ನೋಡಲು ಸೊಗಸು. ಕತ್ತರಿಸಿ ಜೋಡಿಸಲು ಹೊರಟವನಿಗೆ ಫಜೀತಿ. ಟಿಪ್ಪಣಿಯ ನಡುವೆ ಕತ್ತರಿ ಹಾಕಿದರೆ ಯಾವುದರಂತೆ ಎಂಬುದೇ ಕಳೆದುಹೋಗುತ್ತದೆ. ಇದಕ್ಕೆ ತದ್ವಿರುದ್ಧ ಸ್ವಭಾವದ್ದು 1995ರ ಡಿ.ವಿ. ಅದರ ಪ್ರತಿಯೊಂದು ಚಿತ್ರವೂ ಸ್ವತಂತ್ರ. ಐದರಲ್ಲಿ ಒಂದು ಪಾಲಿಗೆ ಮಡಿಕೆ. ಗಂಟೆಗೆ 13 ಗಿಗಾಬೈಟ್. ನಮ್ಮ ಮದುವೆಮನೆಗಳ ವಿಡಿಯೋದವರು ವಿ.ಎಚ್.ಎಸ್. ಬಿಟ್ಟು ಮಿನಿ ಡಿ.ವಿ. ಹಿಡಿದದ್ದು ಸುಮ್ಮನೆ ಅಲ್ಲ. ಎರಡಕ್ಕೂ ಮೂಲದಲ್ಲಿ ಅಹಮದರ ಅದೇ ಎಂಟೆಂಟರ ಚೌಕ. 2003ರ ಎಚ್.264ರಲ್ಲೂ ಅದರ ಮರಿಮಗ ಇದ್ದಾನೆ.

ಇಷ್ಟು ತಿಳಿದಮೇಲೆ ಅಂಗಡಿಯ ಹುಡುಗನ ಪಟ್ಟಿ ನನಗೆ ಓದಲು ಬಂತು. ವಿ.ಎಚ್.ಎಸ್. ಟೇಪು ಅಷ್ಟೇನೂ ವಿವರ ಹಿಡಿಯುವುದಲ್ಲ. ಅಡ್ಡಡ್ಡವಾಗಿ ಎಣಿಸಿದರೆ ಒಂದು ಗೆರೆಯಲ್ಲಿ ಮುನ್ನೂರರ ಆಸುಪಾಸು ಬಿಂದುಗಳಿಗೆ ಆಗುವಷ್ಟು. ಹಾಗಿದ್ದಮೇಲೆ 352 ಸಾಕಲ್ಲ ಎಂದು ಯಾರಾದರೂ ಕೇಳಿಯಾರು. ಅಡ್ಡಕ್ಕೆ ಸಾಕು, ನಿಜ. ಉದ್ದಕ್ಕೆ ಸಾಲದು. ಟೇಪಿನ ಮೇಲೆ 576 ಗೆರೆಗಳೂ ಒಂದೊಂದಾಗಿ ಇವೆ. ಬೆಸ ಗೆರೆಗಳದು ಒಂದು ಕ್ಷಣ, ಸಮ ಗೆರೆಗಳದು ಐವತ್ತನೆಯ ಒಂದು ಸೆಕೆಂಡು ತರುವಾಯದ ಇನ್ನೊಂದು ಕ್ಷಣ. 480ಕ್ಕೆ ಕುಗ್ಗಿಸಿದರೆ ಎರಡು ಕ್ಷಣಗಳೂ ಕಲಸಿಹೋಗಿ, ಕೈಯೆತ್ತಿದವರ ಕೈಗೆ ಬಾಚಣಿಗೆಯ ಹಲ್ಲು ಮೂಡುತ್ತದೆ. ಆಮೇಲೆ ಅದನ್ನು ಯಾವ ಜಾಣನೂ ಬಿಡಿಸಲಾರ. ಅಂಗಡಿಯ ಮೊದಲ ಪ್ರತಿಯಲ್ಲಿ ಅಕ್ಕ ಹಾರ ಹಾಕುವಾಗ ಆಗಿದ್ದದ್ದು ಇದೇ. ದಪ್ಪವಾದ ಮುಖವನ್ನು ಸರಿಪಡಿಸಬಹುದಿತ್ತು, ಇದನ್ನು ಸರಿಪಡಿಸುವಂತಿರಲಿಲ್ಲ.

ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ಬೀರುವಿನಲ್ಲಿ ಕ್ಯಾಸೆಟ್ಟು ಇಟ್ಟುಕೊಂಡ ಓದುಗರು ಬಹಳ ಮಂದಿ ಇರಬಹುದು. ಇಡುವ ಪ್ರತಿ ಬೇರೆ, ನೋಡುವ ಪ್ರತಿ ಬೇರೆ. ಇಡುವ ಪ್ರತಿಗೆ 720×576, ಗೆರೆಗಳನ್ನು ಮುಟ್ಟಬಾರದು, ಆಕಾರ ನಾಲ್ಕು-ಮೂರು ಎಂಬ ಚೀಟಿ ಸರಿಯಾಗಿ ಅಂಟಿರಬೇಕು. ಮಡಿಚುವುದಾದರೆ ಒಂದು ಅಂಕಿಯೂ ಕಳೆಯದಂತೆ ಮಡಿಚುವ ಕೋಡೆಕ್ಕುಗಳಿವೆ. ಎಫ್.ಎಫ್.ವಿ.1 ಎಂಬುದು ಅಂಥದು. ಯಾರ ಸ್ವತ್ತೂ ಅಲ್ಲ, 2021ರಲ್ಲಿ ಅದರ ವಿವರಣೆಯನ್ನು ಅಂತರಜಾಲದ ಶಿಷ್ಟತೆಗಳನ್ನು ಗೊತ್ತುಮಾಡುವ ಮಂಡಳಿ ಬಹಿರಂಗವಾಗಿಯೇ ಪ್ರಕಟಿಸಿದೆ. ಹೊರೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ನೋಡುವ ಪ್ರತಿಯನ್ನು ಇದರಿಂದಲೇ 768×576ಕ್ಕೆ ಹಿಗ್ಗಿಸಿ, ಗೆರೆಗಳನ್ನು ಬಿಡಿಸಿ, ಎಚ್.264ರಲ್ಲಿ ಮಾಡಿಕೊಂಡರಾಯಿತು, ನಂಟರಿಗೆಲ್ಲ ಫೋನಿನಲ್ಲೇ ಕಳಿಸಬಹುದು. ಅಗಲ ಟಿ.ವಿ.ಯ ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಉಳಿಯುತ್ತದೆ. ಉಳಿಯಲಿ.

ಕಳೆದ ಯುಗಾದಿಯ ರಜೆಯಲ್ಲಿ ಅಕ್ಕನ ಮಗನೂ ನಾನೂ ಈ ಕೆಲಸಕ್ಕೆ ಕುಳಿತೆವು. ಪರಿಚಯದವರೊಬ್ಬರ ಅಟ್ಟದಿಂದ ಹಳೆಯ ವಿ.ಸಿ.ಆರ್. ಇಳಿಸಿ ತಂದೆವು. ಅದರ ತಲೆಯನ್ನು ಅವನು ನಾಜೂಕಾಗಿ ಒರೆಸಿದ. ಟೇಪಿನ ಬೂಷ್ಟನ್ನು ಬಿಡಿಸುವುದರಲ್ಲಿ ಒಂದು ಬೆಳಗು ಹೋಯಿತು. ಇನ್ನೊಂದೆರಡು ಸಲ ಓಡಿಸಿದರೆ ಟೇಪು ಉಳಿಯದೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಗುಂಡಿ ಒತ್ತಿದೆವು. ಪರದೆಯ ಮೂಲೆಯಲ್ಲಿ ಅಂಕಿಗಳು ಓಡತೊಡಗಿದವು: 720, 576, 25. ಕಾಶಿಯಾತ್ರೆ, ಧಾರೆ, ಮಾಂಗಲ್ಯ. ಊಟದ ಪಂಕ್ತಿ ಬರುವ ಹೊತ್ತಿಗೆ ಅಕ್ಕ ಅಡಿಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು.

ಅವರು ಅಲ್ಲಿದ್ದರು. ಚೂಪು ಗದ್ದ, ಒಳಕ್ಕೆ ಹೋದ ಕೆನ್ನೆ, ಕಿವಿಯ ಪಕ್ಕ ಎದ್ದ ಎಲುಬು, ಎಲ್ಲವೂ ಎಷ್ಟಿತ್ತೋ ಅಷ್ಟೆ. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿ ತಲೆಯೆತ್ತಿ, ಕ್ಯಾಮೆರಾದವನನ್ನೇ ನೋಡಿ, ತಾತ ಕೇಳಿದರು:

“ನಿಂದು ಊಟ ಆಯ್ತೇನಪ್ಪ?”